ಅರಳದ ಮೊಗ್ಗಿನ ಬಣ್ಣ

ಗದಗ ಬೇರೆ ಜಿಲ್ಲೆಯಾದ ಮೇಲೆ ಆ ಸೀಮೆಯಲ್ಲಿ ನಡೆದ ಗಂಭೀರ ಘಟನೆಗಳನ್ನು ಯಾರಾದರೂ ಬರೆದಿಡುವುದಾದರೆ, ಮೊದಲ ಸಾಲಿಗೆ ಸೇರಬೇಕಾದದ್ದು ಇದು: ಮುಂಡರಗಿಯ ಗಾದಿ ಅಂಗಡಿ ಫಕ್ರುಸಾಬನ ಹಿತ್ತಲಿನಿಂದ ಒಂದು ಗುಲಾಬಿ ಮೊಗ್ಗು ಕಾಣೆಯಾಗಿತ್ತು.

ಫಕ್ರುಸಾಬನ ಹೆಂಡತಿ ಮೋತಿಬಿ ವಿಷದ ಗುಲ್ಕಂದ ತಿಂದು ಗದಗಿನ ದವಾಖಾನೆ ಸೇರಿದ್ದೂ ಅದೇ ವಾರವೇ. ಆದರೆ ಓಣಿಯ ಜನ ಕ್ರಮ ತಪ್ಪಿಸುವವರಲ್ಲ. ಮೊದಲು ಮೊಗ್ಗಿನ ಸುದ್ದಿ, ಆಮೇಲೆ ಮೋತಿಬಿಯ ಸುದ್ದಿ.

ಶನಿವಾರ ಮಧ್ಯಾಹ್ನ ಎರಡೂ ಸುದ್ದಿಗಳು ಒಂದೇ ಗಿಡದ ಬುಡಕ್ಕೆ ಬಂದು ನಿಂತವು.

"ಇಲ್ಲಿ ನೋಡ್ರಿ ಬಾಯಾರ," ಎಂದ ಪಿಎಸ್‌ಐ ಪರಶುರಾಮ. ಕುಕ್ಕರಗಾಲಿನಲ್ಲಿ ಕುಳಿತು ಒಂದು ಕೊಂಬೆಯ ತುದಿಯನ್ನು ಲಾಠಿಯಿಂದ ಮುಟ್ಟಿ ತೋರಿಸಿದ. "ಕತ್ತರೀಲೆ ಕೊಯ್ದದ್ದಲ್ಲ. ಕೈಲೆ ಮುರದದ್ದು. ಅದೂ ಅವಸರದಾಗ."

ಪಕ್ಕದ ಮನೆಯ ಅಖ್ತರಿ ಬಗ್ಗಿ ನೋಡಿದಳು. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ಮೇಲೆ ಆಕೆಗೆ ಬಗ್ಗುವುದು ಕಡಿಮೆಯಾಗಿತ್ತು, ನೋಡುವುದು ಹೆಚ್ಚಾಗಿತ್ತು. ಮುರಿದ ಜಾಗದಲ್ಲಿ ಸಿಪ್ಪೆ ಎಳೆಯಾಗಿ ಜೋತುಬಿದ್ದು ಒಣಗಿತ್ತು.

"ಹೌದು," ಎಂದಳು.

"ಆ ಮೊಗ್ಗು ಎಲ್ಲಿಗೆ ಹೋತು ಅಂತ ಊರೆಲ್ಲಾ ಕೇಳಾಕತ್ತೈತಿ. ಇಲ್ಲಿಗೆ ಹೋತು." ಪರಶುರಾಮ ಪಕ್ಕದಲ್ಲಿದ್ದ ಗಾಜಿನ ಭರಣಿಯ ಮುಚ್ಚಳದ ಮೇಲೆ ಬೆರಳು ಬಡಿದ.

ಭರಣಿಯಲ್ಲಿ ಮೋತಿಬಿಯ ಗುಲ್ಕಂದ ಇತ್ತು. ಅದರ ಮೇಲ್ಪದರದಲ್ಲಿ ಕಡುಗೆಂಪು ಎಸಳುಗಳಿದ್ದವು. ಆ ಎಸಳುಗಳಲ್ಲಿ ಸಕ್ಕರೆಗಿಂತ ಮೊದಲು ಮೂಗಿಗೆ ಬಡಿಯುತ್ತಿದ್ದುದು ಎಣ್ಣಿ. ಗಿಡದ ಹೇನಿಗೆ ಹೊಡೆಯುವ ಔಷಧಕ್ಕೆ ಆ ಕಡೆ ಎಲ್ಲರೂ ಹೇಳುವುದು ಎಣ್ಣಿ ಎಂದೇ.

"ಹೊಡದ ಎಣ್ಣಿ ಇಷ್ಟು ನಾರೂದಿಲ್ಲ," ಎಂದ ಪರಶುರಾಮ. "ಎಸಳು ಬಾಟ್ಲಿ ಎಣ್ಣ್ಯಾಗ ಅದ್ದಿ ಹಾಕ್ಯಾರ. ಗಿಡ ಈ ಮನೀದು. ಬಾಟ್ಲಿ ಈ ಮನೀದು. ಗುಲ್ಕಂದ ಮಾಡಿದಾಕಿ ಈ ಮನೀ ಸೊಸಿ. ಇನ್ನ ನಾ ಎಲ್ಲೆಲ್ಲಿ ಹುಡುಕ್ಲಿ, ಹೇಳ್ರಿ?"

ಶಿರಹಟ್ಟಿಯಿಂದ ಮಹಿಳಾ ಪೇದೆ ಬರಬೇಕಿತ್ತು. ಆಕೆ ಬಂದೊಡನೆ ಸೊಸೆ ಮೆಹನಾಜಳನ್ನು ಜೀಪು ಹತ್ತಿಸುವುದು ಎಂದು ಗೊತ್ತಾಗಿತ್ತು. ಸದ್ಯಕ್ಕೆ ಮೆಹನಾಜಳ ಸ್ವಾತಂತ್ರ್ಯವನ್ನು ಕಾಯುತ್ತಿದ್ದುದು ಶಿರಹಟ್ಟಿ ಬಸ್ಸಿನ ಸೋಮಾರಿತನ ಒಂದೇ.

ಅಖ್ತರಿ ನಿಂತಲ್ಲಿ ನಿಲ್ಲಲಾರದೆ ಹಿತ್ತಲಿನ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಶುಕ್ರವಾರ ಮೋತಿಬಿ ಜೊಲ್ಲು ಸುರಿಸುತ್ತ, ಬೆವರಿ ನೀರಾಗಿ ಬಿದ್ದಾಗ ಮೊದಲು ಓಡಿಬಂದವಳು ಅವಳೇ. ಕಣ್ಣುರೆಪ್ಪೆ ಎತ್ತಿ, ಸಾಸಿವೆ ಕಾಳಿನಷ್ಟಾಗಿದ್ದ ಪಾಪೆ ನೋಡಿ, "ಇದು ಅಜೀರ್ಣ ಅಲ್ಲ, ಎಣ್ಣಿ" ಎಂದವಳೂ, ಗದಗಿನ ದವಾಖಾನೆ ಮುಟ್ಟಿಸಿ ಮಗಳ ಕೈಗೊಪ್ಪಿಸಿ ಬಂದವಳೂ ಅವಳೇ. ಆ ಒಂದು ಮಾತಿನಿಂದ ಮೋತಿಬಿಯ ಜೀವ ಉಳಿದಿತ್ತು. ಅದೇ ಮಾತು ಈಗ ಮೆಹನಾಜಳ ಕೊರಳಿಗೆ ಸುತ್ತಿಕೊಳ್ಳುತ್ತಿತ್ತು. ಔಷಧಕ್ಕೆ ಇರುವಂತೆ ಮಾತಿಗೂ ಅಡ್ಡ ಪರಿಣಾಮ ಇರುತ್ತದೆ ಎಂದು ನರ್ಸಿಂಗ್ ಕಲಿಸುವಾಗ ಯಾರೂ ಹೇಳಿರಲಿಲ್ಲ.

ಹಿತ್ತಲ ಬಾಗಿಲ ಕಟ್ಟೆಯ ಮೇಲೆ ಫಕ್ರುಸಾಬ ಕುಳಿತಿದ್ದ. ಮೊಣಕಾಲ ಮೇಲೆ ಕೈ, ಗಿಡದ ಮೇಲೆ ಕಣ್ಣು. ಬೆಳಿಗ್ಗೆಯಿಂದ ಬಾಯಿ ಬಿಟ್ಟಿರಲಿಲ್ಲ.

ಗಿಡಕ್ಕೆ ಮಾತ್ರ ರಾಜಯೋಗ. ಮಗ ಆಸೀಮನಿಗೆ ಹೆಣ್ಣು ನೋಡಲು ಹೋದಾಗ ಫಕ್ರುಸಾಬ ಒಂದು ಬಶಿ ಚಹಾ ಆರುವುದರೊಳಗೆ "ಆತು" ಎಂದು ಎದ್ದಿದ್ದ. ಬೆಟಗೇರಿಯ ಯಮನೂರಸಾಬನ ನರ್ಸರಿಯಲ್ಲಿ ಗುಲಾಬಿ ಆರಿಸಲು ಅವನಿಗೆ ಅರ್ಧ ದಿನ ಹಿಡಿದಿತ್ತು. ಹೂವಿದ್ದ ಗಿಡಗಳನ್ನು ಅವನು ತಿರುಗಿ ಕೂಡ ನೋಡಲಿಲ್ಲ. ಹೂವು ತೋರಿಸಿ ಮಾರುವುದು ಮಂದಿಯನ್ನು ಮರುಳು ಮಾಡುವ ಧಂದೆ, ಹೂವು ಬಿಟ್ಟು ಬಿಟ್ಟು ದಣಿದ ಗಿಡ ಮನೆಗೆ ಬಂದು ಮಲಗುತ್ತದೆ ಎಂಬುದು ಅವನ ವಾದ. ಕಸಿ ಗಂಟು ಬಿಗಿಯಾಗಿ ಕೂಡಿರಬೇಕು, ಅದರ ಮೇಲೆ ಹೆಬ್ಬೆರಳಿನಂಥ ಮೂರು ಕೊಂಬೆ ಇರಬೇಕು, ಚೀಲದ ತೂತಿನಲ್ಲಿ ಬಿಳಿ ಬೇರು ಇಣುಕಬೇಕು. ಬಣ್ಣದ ಮಟ್ಟಿಗೆ ಯಮನೂರಸಾಬನ ನಾಲಿಗೆಯೇ ಸಾಕ್ಷಿ. "ರಕ್ತದಂಥಾ ಕೆಂಪು, ಕಾಕಾ. ಗದಗಿನ್ಯಾಗ ಇಂಥಾದ್ದು ಮತ್ತೊಂದಿಲ್ಲ."

ಹಿತ್ತಲಿನ ಎರೆಮಣ್ಣಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಅದನ್ನು ಮೊಣಕಾಲಾಳ ತೆಗೆಸಿ, ಕಪ್ಪತಗುಡ್ಡದ ಕಡೆಯಿಂದ ಚಕ್ಕಡಿಯಲ್ಲಿ ನೀರು ಬಸಿಯುವ ಮಸಾರಿ ಕೆಮ್ಮಣ್ಣು ತರಿಸಿದ್ದ. ತಿಪ್ಪೆಗೊಬ್ಬರ, ಬೇವಿನ ಹಿಂಡಿ ಬೆರೆಸಿದ್ದ. ಕಸಿ ಗಂಟಿಗೆ ಮಣ್ಣು ತಾಕದಂತೆ ನೆಟ್ಟು, ಎಲೆಗೆ ನೀರು ಬೀಳದಂತೆ ಬುಡಕ್ಕೆ ಮಾತ್ರ ಉಣಿಸಿದ್ದ. ಗಿಡಕ್ಕೆ ಮೈ ಬರಲೆಂದು ಮೊದಲು ಬಂದ ಮೊಗ್ಗುಗಳನ್ನೆಲ್ಲ ಕಾಳಿನ ಗಾತ್ರವಿದ್ದಾಗಲೇ ಚಿವುಟಿದ್ದ. ಹೊಸ ಜಿಲ್ಲೆಯ ಮೊದಲ ಪುಷ್ಪ ಪ್ರದರ್ಶನ ಈ ಭಾನುವಾರ ಎಂದು ಗೊತ್ತಾದ ಮೇಲೆ ಎರಡೇ ಎರಡು ಮೊಗ್ಗು ಉಳಿಸಿಕೊಂಡ. ಒಂದು ಕಳೆಯಿತು. ಉಳಿದದ್ದು ಬಿಸಿಲಿನ ಕಾವಿಗೆ ಭಾನುವಾರಕ್ಕೆ ಮುಂಚೆಯೇ ಅರಳಬಾರದೆಂದು ಗಾದಿ ಬಟ್ಟೆಯಲ್ಲಿ ಅರಳೆ ತುಂಬಿ ಒಂದು ಟೊಪ್ಪಿಗೆ ಹೊಲಿದು ತೊಡಿಸಿದ್ದ.

ಗಿರಾಕಿಗಳ ಗಾದಿಗೆ ಇಷ್ಟು ಸಣ್ಣ ಹೊಲಿಗೆ ಬೀಳುತ್ತಿರಲಿಲ್ಲ.

"ಸಾಹೇಬ್ರ, ಭರಣಿ ಒಂದೀಟು ಕೊಡ್ರಿ," ಎಂದಳು ಅಖ್ತರಿ.

"ಮುಟ್ಟಬ್ಯಾಡ್ರಿ ಮತ್ತ."

"ಮೂವತ್ತು ವರ್ಷ ಮಂದಿ ಬೇನಿ ಮುಟ್ಟೀನ್ರಿ. ಏನಾತು ನನಗ?"

ಬೇವಿನ ಕಡ್ಡಿಯಿಂದ ಮೇಲಿನ ಎಸಳು ಸರಿಸಿದಳು. ತಳದ ಗುಲ್ಕಂದ ಕಂದಾಗಿ ಕರಗಿ ಬೆಲ್ಲದ ಪಾಕದಂತಾಗಿತ್ತು; ವಾರಗಟ್ಟಲೆ ಬಿಸಿಲು ಕಂಡದ್ದು. ಅದರ ವಾಸನೆ ಪರಿಚಿತ, ಸಂತೆಯಲ್ಲಿ ಮಾರುವ ತೆಳು ಎಸಳಿನ ನಾಟಿ ಗುಲಾಬಿಯದು. ಮೇಲಿನ ಕೆಂಪು ಎಸಳು ದಪ್ಪ. ಸಕ್ಕರೆಗೆ ಇನ್ನೂ ಸೋತಿರಲಿಲ್ಲ. ಹಾಕಿ ಬಹಳವೆಂದರೆ ಒಂದೆರಡು ದಿನ. ಒಂದನ್ನು ಕಡ್ಡಿಯಿಂದ ಮಗುಚಿದಳು. ಒಳಗೂ ಕೆಂಪು, ಹೊರಗೂ ಕೆಂಪು. ಬುಡದ ತನಕ ಒಂದೇ ಬಣ್ಣ.

ಅಷ್ಟೇ ನೋಡಿ ಭರಣಿ ಮರಳಿ ಕೊಟ್ಟು ಅಡುಗೆಮನೆಗೆ ನಡೆದಳು.

ಮೆಹನಾಜ ಒಲೆಯ ಮುಂದೆ ನಿಂತು ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುತ್ತಿದ್ದಳು. ಗಂಡ ಆಸೀಮ ಲಾರಿಯ ಮೇಲೆ ಗೋವಾದ ಕಡೆ ಹೋದವನಿಗೆ ಇನ್ನೂ ಖಬರು ಮುಟ್ಟಿರಲಿಲ್ಲ.

"ಖಾಲಾ, ಬಸ್ ಬಂತೇನ್ರಿ?"

"ಬಂದಿಲ್ಲ. ನೀ ಆ ಪಾತೇಲಿ ಇಡು. ಇನ್ನ ತಿಕ್ಕಿದ್ರ ತೂತು ಬೀಳತೈತಿ." ಅಖ್ತರಿ ಬಾಗಿಲು ಅರ್ಧ ಮುಂದೂಡಿದಳು. "ಮೊಗ್ಗು ಮುರದಾಕಿ ನೀನೇ, ಹೌದಲ್ಲ?"

ಪಾತ್ರೆ ಕೈಯಿಂದ ಜಾರಿ ಬೋರಲಾಯಿತು.

"ನಿನ್ನ ಎಡಗೈ ನೋಡಿದೆ. ಮುಳ್ಳು ಗೀರಿದ್ದು ಮಣಿಕಟ್ಟಿನ ತನಕ ಐತಿ. ಹೂವು ಕದಿಯಾಕಿ ಅಷ್ಟು ಗೀರಿಸ್ಕೊಳ್ಳೂದಿಲ್ಲ."

"ಕದ್ದಿಲ್ರಿ ಖಾಲಾ." ಮೆಹನಾಜ ಗೀರಿದ ಕೈಯನ್ನು ಸೆರಗಿನಡಿ ಸರಿಸಿದಳು. "ಅತ್ತಿ ಸೀರಿ ಹಿಂಡಿ ಹಗ್ಗದ ಮ್ಯಾಲೆ ಒಗದೆ. ಗಾಳಿಗೆ ಸೆರಗು ಹಾರಿ ಗಿಡಕ್ಕ ಸಿಕ್ಕೊಂತು. ಬಿಡಸಾಕ ಹೋದ್ರ ಮುಳ್ಳು. ಜಗ್ಗಿದೆ. ಮೊಗ್ಗು ಕೈಯಾಗ ಬಂತು."

"ಬಂದದ್ದನ್ನ ಏನ್ ಮಾಡ್ದಿ?"

"ಒಲಿಗೆ ಹಾಕಿದೆ."

"ಯವ್ವಾ! ಇದನ್ನ ಆ ಸಾಹೇಬ್ರಿಗೆ ಹೇಳಾಕ ಏನಾಗಿತ್ತು?"

"ಪೊಲೀಸ್ರು ಒಯ್ದ್ರ ಒಂದಿನಾ ಬಿಡ್ತಾರ್ರಿ. ಮಾವ ಬಿಡ್ತಾರೇನು?"

ಅಖ್ತರಿಗೆ ನಗು ಬಂದೇ ಬಂತು. ಅದನ್ನು ಸೆರಗಿನಲ್ಲಿ ಒತ್ತಿಕೊಂಡಳು. ವಿಷ ಹಾಕಿದ ಆರೋಪಕ್ಕೆ ಈ ಹುಡುಗಿ ತಲೆ ಕೊಡಲು ತಯಾರು, ಮೊಗ್ಗು ಮುರಿದ ಆರೋಪಕ್ಕೆ ಇಲ್ಲ.

"ಸುಡುವಾಗ ಬಣ್ಣ ನೋಡಿದ್ಯೇನು? ನೆನಪು ಮಾಡ್ಕೋ. ಒಳಗ ಯಾವ ಬಣ್ಣ?"

"ತುದಿ ಕೆಂಪಿತ್ತು. ಒಲ್ಯಾಗ ಒಡದಾಗ..." ಮೆಹನಾಜ ಹುಬ್ಬು ಗಂಟಿಕ್ಕಿದಳು. "ಒಳಗ ಬೆಳ್ಳಗ ಕಂಡಂಗಾತ್ರಿ. ಕೆನಿ ಇದ್ದಂಗ. ಹೆದರಿಕ್ಯಾಗ ಏನ್ ನೋಡಿದ್ನೋ ಏನೋ."

"ನಾನು ಕರದಾಗ ಹೊರಗ ಬಾ," ಎಂದು ಅಖ್ತರಿ ಹಿತ್ತಲಿಗೆ ಓಡಿದಳು. ಓಡಿದಳು ಎಂದರೆ ಅವಳ ಮೊಣಕಾಲು ಒಪ್ಪಿದಷ್ಟು.

ಪರಶುರಾಮ ಅಖ್ತರಿ ಪಿಸುಗುಟ್ಟಿದ್ದನ್ನೆಲ್ಲ ಕೇಳಿ ಮೀಸೆ ಸವರಿದ. "ಸುಟ್ಟ ಸಾಕ್ಷಿ ಛಲೋ ಐತಿ, ಬಾಯಾರ. ಕೋರ್ಟಿನ್ಯಾಗ ಬೂದಿ ತೋರ್ಸೂಣೇನು?"

"ಬೂದಿ ಯಾಕ್ರಿ? ಅದರ ಅಣ್ಣ ಇಲ್ಲೇ ಟೊಪಗಿ ಹಾಕ್ಕೊಂಡು ನಿಂತಾನಲ್ಲ." ಅಖ್ತರಿ ಉಳಿದ ಮೊಗ್ಗಿನ ಕಡೆ ಕೈ ಮಾಡಿದಳು. "ಒಂದೇ ಗಿಡ. ಒಂದೇ ಕಸಿ. ಇದು ಒಳಗ ಕೆಂಪಿತ್ತಂದ್ರ ನೀವು ಹೇಳಿದ್ದು ಖರೆ, ಮೆಹನಾಜನ್ನ ಒಯ್ರಿ. ಕೆಂಪಿಲ್ಲಂದ್ರ ಭರಣ್ಯಾಗಿನ ಎಸಳು ಈ ಮನೀವಲ್ಲ."

ಕಟ್ಟೆಯ ಮೇಲೆ ಫಕ್ರುಸಾಬ ಎದ್ದು ನಿಂತ.

"ಅದನ್ನ ಮುಟ್ಟಬ್ಯಾಡ್ರಿ."

ಬೆಳಿಗ್ಗೆಯಿಂದ ಅವನಾಡಿದ ಮೊದಲ ಮಾತು ಅದು.

"ಫಕ್ರುಸಾಬ," ಅಖ್ತರಿ ಅವನೆದುರು ಹೋಗಿ ನಿಂತಳು, "ನಿಮ್ಮ ಸೊಸಿ ಜೇಲಿಗೆ ಹೊಂಟಾಳ."

"ನಾಳೆ ಮುಂಜಾನೆ ಪ್ರದರ್ಶನ ಐತಿ. ನಾಳೆ ಮಧ್ಯಾಹ್ನ ಬಿಚ್ಚಿ ನೋಡ್ರಿ. ಏನು ಓಡಿ ಹೋಗತೈತೇನು?"

"ಇಂದು ರಾತ್ರಿ ಅಕಿ ಲಾಕಪ್ಪಿನ್ಯಾಗ ಇರ್ತಾಳ. ನಾಳೆ ಬಿಟ್ರೂ ಓಣ್ಯಾಗಿನ ಬಾಯಿ ಯಾರ್ ಮುಚ್ಚಸ್ತೀರಿ? ನಿಮ್ಮ ಮೊಮ್ಮಕ್ಕಳ ಲಗ್ನದಾಗೂ ಈ ಮಾತು ಬರತೈತಿ."

"ಬಾಯಾರ, ನಾನು ಎಷ್ಟು ತಿಂಗಳು ಈ ಗಿಡ..."

"ಗೊತ್ತೈತಿ. ಮೋತಿಬಿಗೆ ಜ್ವರ ಬಂದ್ರ ಗುಳಿಗಿ ತರಾಕ ಮರೀತಿದ್ರಿ, ಇದಕ್ಕ ಬೇವಿನ ಹಿಂಡಿ ಮರ್ತಿಲ್ಲ."

ಪರಶುರಾಮ ಕೆಮ್ಮಿ ಬೇರೆ ಕಡೆ ನೋಡಿದ. ಪೊಲೀಸರಿಗೂ ಕೆಲವು ಮಾತು ಕೇಳಿಸದಿರುವುದು ಒಳ್ಳೆಯದು.

ಫಕ್ರುಸಾಬ ಸಿಟ್ಟಾಗಬೇಕಿತ್ತು. ಆಗಲಿಲ್ಲ. ಅಖ್ತರಿಗೆ ಅಲ್ಲಿ ಏನೋ ಚುಚ್ಚಿತು. ಬಹುಮಾನದ ಆಸೆಯಿದ್ದವನು ಹೂವಿನ ಕಡೆ ನೋಡುತ್ತಾನೆ. ಈ ಮನುಷ್ಯ ನೋಡುತ್ತಿದ್ದುದು ಪಿಎಸ್‌ಐ ಕೈಯಲ್ಲಿದ್ದ ಭರಣಿಯನ್ನು. ಅದೂ ಹೇಗೆ? ದವಾಖಾನೆಯಲ್ಲಿ ಮಂದಿ ವರದಿಯ ಕಾಗದ ನೋಡುವ ಹಾಗೆ. ಒಳಗೇನಿದೆಯೆಂದು ಮೊದಲೇ ಗೊತ್ತಿದ್ದವರು ನೋಡುವ ಹಾಗೆ.

"ನೀವು ದಿನಾ ಮುಂಜಾನೆ ಆ ಟೊಪಗಿ ತಗದು ನೋಡ್ತಿದ್ರಿ," ಎಂದಳು, ಈಗ ಮೆಲ್ಲಗೆ. "ಹೇನು ಹತ್ತೇತೋ ಇಲ್ಲೋ ಅಂತ. ನಾನೇ ನಮ್ಮ ಮಾಳಿಗಿ ಮ್ಯಾಲಿಂದ ನೋಡೀನಿ. ಇಂದ ಮುಂಜಾನೆ ಯಾಕ ತಗೀಲಿಲ್ಲ?"

ಫಕ್ರುಸಾಬ ಕಣ್ಣನ್ನು ಭರಣಿಯಿಂದ ಕಿತ್ತು ಗಿಡದ ಮೇಲಿಟ್ಟ.

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಬಾಗಿಲ ಪೇದೆ ಇಣುಕಿ, "ಸಾಹೇಬ್ರ, ಶಿರಹಟ್ಟಿ ಬಸ್ ಸ್ಟ್ಯಾಂಡಿಗೆ ಬಂತಂತ. ಮೇಡಂ ನಡಕೋಂತ ಬರಾಕತ್ತಾರ," ಎಂದ.

ಪರಶುರಾಮ ಲಾಠಿಯನ್ನು ಕಂಕುಳಿಗೆ ಸಿಗಿಸಿದ. "ಆತಪಾ. ಹೆಣ್ಮಗಳನ್ನ ತಯಾರಾಗಾಕ ಹೇಳ್ರಿ."

ಅಖ್ತರಿ ಕರೆಯಲಿಲ್ಲ. ಮೆಹನಾಜ ತಾನೇ ಹೊರಗೆ ಬಂದಳು. ಬುರ್ಖಾ ಹಾಕಿಕೊಂಡಿದ್ದಳು, ಮುಖ ಮಾತ್ರ ತೆರೆದಿತ್ತು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಮಾವನ ಮುಂದೆ ಬಂದು ತಲೆ ತಗ್ಗಿಸಿ ನಿಂತಳು.

"ಮಾವಾ, ರೊಟ್ಟಿ ಬುಟ್ಟ್ಯಾಗ ಅದಾವ. ಬ್ಯಾಳಿ ಮುಚ್ಚಿಟ್ಟೀನಿ, ಸಂಜಿಗೆ ಬಿಸಿ ಮಾಡ್ಕೊಂಡ್ರ ಆತು. ಗಿಡದ ಬುಡಕ್ಕ ನೀರು ಹಾಕೀನಿ, ಎಲಿಗೆ ಬಿದ್ದಿಲ್ಲ." ಒಂದು ಉಸಿರು ಎಳೆದುಕೊಂಡಳು. "ಮತ್ತ ಮೊಗ್ಗು ಮುರದಾಕಿ ನಾನೇರಿ. ಅತ್ತಿ ಸೀರಿ ಸಿಕ್ಕಿತ್ತು. ನಿಮಗ ಹೇಳದ ಹೋಗಬಾರ್ದು ಅನಿಸ್ತು."

ಫಕ್ರುಸಾಬ ಅವಳನ್ನು ನೋಡಿದ. ಈ ಮನೆಗೆ ಅವಳು ಬಂದು ಎಷ್ಟೋ ವರ್ಷಗಳಾಗಿದ್ದವು. ಇಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

"ಚೀಲಾ ಕೆಳಗಿಡು," ಎಂದ.

"ಮಾವಾ?"

"ಇಡು ಅಂದೆ."

ಗಿಡದ ಹತ್ತಿರ ಹೋದ. ಟೊಪ್ಪಿಗೆಯ ದಾರವನ್ನು ಹಲ್ಲಿನಿಂದ ಕಡಿದ. ಮೊಗ್ಗು ಹೊರಬಂತು: ಕೋಳಿಮೊಟ್ಟೆಯಷ್ಟು ತುಂಬಿದ್ದು, ತುದಿಯಲ್ಲಿ ಕುಂಕುಮ ಹಚ್ಚಿದಂತೆ ಕೆಂಪು. ಬೆಳಗಿನ ತನಕ ಬಿಟ್ಟಿದ್ದರೆ ಅದು ತಾನೇ ಅರಳುತ್ತಿತ್ತು. ಫಕ್ರುಸಾಬ ಎರಡು ಹೆಬ್ಬೆರಳು ಒಳಗಿಟ್ಟು ಅದನ್ನು ಕಿತ್ತಳೆ ಬಿಡಿಸಿದಂತೆ ಬಿಡಿಸಿಬಿಟ್ಟ.

ಎಸಳಿನ ಅಂಚಿಗಷ್ಟೇ ಕೆಂಪು. ಒಳಗೆಲ್ಲ ಹಾಲಿನ ಕೆನೆ.

ಪರಶುರಾಮ ಭರಣಿ ಎತ್ತಿ ಹಿಡಿದ. ಇದನ್ನು ನೋಡಿದ, ಅದನ್ನು ನೋಡಿದ. ಇದಕ್ಕೆ ವಿಧಿವಿಜ್ಞಾನದ ವರದಿ ಬೇಕಾಗಿರಲಿಲ್ಲ, ಕಣ್ಣು ಸಾಕಿತ್ತು.

"ಯಮನೂರಸಾಬ ನಿಮಗ ಟೊಪಗಿ ಹಾಕ್ಯಾನ," ಎಂದ, ಪೊಲೀಸನಿಗೆ ಸಹಜವಾದ ಸಮಾಧಾನದಿಂದ.

"ಅವಾ ಹಾಕಿಲ್ಲ." ಫಕ್ರುಸಾಬನ ಅಂಗೈಯಲ್ಲಿ ಎಸಳು ಜಜ್ಜಿಹೋಗಿತ್ತು. "ಅವಾ ಕೆಂಪನ ಕೊಟ್ಟಿದ್ದ."

"ಮತ್ತ?"

"ಅಂದ ಎರಡು ಗಿಡಾ ತಗೊಂಡಿದ್ನಿ. ಕೆಂಪಂದು ನನಗ. ಕೆನಿ ಬಣ್ಣದ್ದು ಮಗಳಿಗೆ, ಲಕ್ಷ್ಮೇಶ್ವರದಾಗ ಹೊಸಾ ಮನಿ ಕಟ್ಟಸ್ಯಾಳಲ್ಲ ಗುಲ್ನಾಜ, ಅಕಿಗೆ. ಎರಡೂ ಕರೀ ಚೀಲ, ಎರಡಕ್ಕೂ ಹೂವಿಲ್ಲ. ಬಸ್ಸಿನ ಸೀಟಿನ ಬುಡಕ ಉಳ್ಳಾಡಿ ಅದಲಬದಲ ಆದುವು." ಅವನು ಗಿಡಕ್ಕೆ ಹೇಳುವಂತೆ ಹೇಳುತ್ತಿದ್ದ. "ಹೋದ ವಾರ ಅಕಿ ಮನಿಗೆ ಹೋಗಿದ್ನಿ. ಅಂಗಳದಾಗ ಅರಳಿ ನಿಂತಿತ್ತು. ಬುಡದ ತನಕಾ ಕೆಂಪು. ಕೊಟ್ಟ ಗಿಡ ತಿರುಗಿ ಹೆಂಗ ಕೇಳ್ಲಿ? ಸುಮ್ಮನ ಬಂದೆ. ಇದಕ್ಕ ಟೊಪಗಿ ಹೊಲಿದೆ. ಒಂದ್ ವ್ಯಾಳೆ ಅರಳಿದಾಗ ಕೆಂಪಾದ್ರೂ ಆದೀತು ಅಂತ..."

ಅಖ್ತರಿಗೆ ಈಗ ಅರ್ಥವಾಯಿತು. ಬೆಳಿಗ್ಗೆ ಭರಣಿ ಕಂಡ ಕ್ಷಣದಲ್ಲೇ ಈ ಮನುಷ್ಯನಿಗೆ ಎಲ್ಲವೂ ತಿಳಿದಿತ್ತು. ಸೊಸೆಯೋ ಮಗಳೋ ಎಂದು ಅವನು ಆ ಕಟ್ಟೆಯ ಮೇಲೆ ಇಷ್ಟು ಹೊತ್ತು ತೂಗುತ್ತ ಕುಳಿತಿದ್ದ. ತಕ್ಕಡಿ ಮಗಳ ಕಡೆಗೇ ಬಾಗಿತ್ತು, ರೊಟ್ಟಿ ಬುಟ್ಟಿಯ ಮಾತು ಬರುವ ತನಕ.

"ಗುಲ್ನಾಜ ಯಾವಾಗರ ಬಂದಿದ್ಳೇನು?" ಪರಶುರಾಮನ ದನಿಯಲ್ಲಿ ಈಗ ಸಮಾಧಾನ ಇರಲಿಲ್ಲ.

"ಗುರುವಾರ ಬಂದಿದ್ಳು. ಅವರವ್ವಗ ಎಲಿ ಅಡಿಕಿ ತಂದಿದ್ಳು. ಮನಿ ಸಾಲಕ್ಕ ಅವ್ವನ ಬಂಗಾರ ಕೇಳಿದ್ಳು, ಅಕಿ ಇಲ್ಲ ಅಂದಿದ್ಳು."

ಪಿಎಸ್‌ಐ ಮೆಹನಾಜಳ ಕಡೆ ತಿರುಗಿದ. "ಯಾರೂ ಬಂದಿಲ್ಲಂತ ಹೇಳಿದ್ಯಲ್ಲವಾ ನೀನು?"

"ಹೊರಗಿನವರು ಯಾರರ ಬಂದಿದ್ರೇನು ಅಂತ ಕೇಳಿದ್ರಿ ಸಾಹೇಬ್ರ." ಮೆಹನಾಜಳ ಮುಖದಲ್ಲಿ ನಿಜವಾದ ಗೊಂದಲವಿತ್ತು. "ಗುಲ್ನಾಜ ಹೊರಗಿನಾಕಿ ಹೆಂಗಾಗ್ತಾಳ್ರಿ? ಮನೀ ಮಗಳು. ಬಂದ್ಳು, ಅಡಗಿಮನ್ಯಾಗ ಕುಂತಳು, ನಾನು ಚಾ ಮಾಡಾಕ ಹಾಲು ತರಾಕ ಹೋದೆ..."

ಅಲ್ಲಿಗೆ ಅವಳೇ ನಿಂತಳು.

ಪರಶುರಾಮ ಭರಣಿಯ ಮುಚ್ಚಳ ಇನ್ನೊಮ್ಮೆ ಬಿಗಿದ.

"ಈಗ ಎಲ್ಲಿ ಅದಾಳ ಅಕಿ? ಲಕ್ಷ್ಮೇಶ್ವರದಾಗ?"

ಉತ್ತರ ಕೊಟ್ಟವಳು ಅಖ್ತರಿ. ನಿನ್ನೆ ದವಾಖಾನೆಯಲ್ಲಿ ಆ ಹುಡುಗಿಯ ಬೆನ್ನು ಸವರಿ, ನೀನೇ ನೋಡ್ಕೋ ಯವ್ವಾ ಎಂದು ಒಪ್ಪಿಸಿ ಬಂದವಳು ಅವಳೇ ಆದ್ದರಿಂದ ಆ ಮಾತು ಅವಳ ಬಾಯಿಂದಲೇ ಬರಬೇಕಾಯಿತು.

"ಗದಗಿನ್ಯಾಗ. ಮೋತಿಬಿ ಹಾಸಿಗಿ ಬಾಜೂಕ." ಅಖ್ತರಿ ಆಗಲೇ ಬಾಗಿಲ ಕಡೆ ತಿರುಗಿದ್ದಳು. "ನರ್ಸುಗಳ ಕೈಲೆ ಬ್ಯಾಡ ಅಂತ ಹಟಾ ಹಿಡದು, ಅವರವ್ವಗ ಗಂಜಿ ಕುಡಸಾಕತ್ತಾಳ."

ಪರಶುರಾಮ ಜೀಪಿನ ಕಡೆ ಓಡಿದ. ಅಖ್ತರಿ ಮೊಣಕಾಲಿನ ಒಪ್ಪಿಗೆ ಕೇಳದೆ ಅವನ ಹಿಂದೆ ಓಡಿ ಹಿಂದಿನ ಸೀಟಿಗೆ ಹತ್ತಿದಳು. ಜೀಪು ಓಣಿಯ ತಿರುವಿನಲ್ಲಿ ಧೂಳೆಬ್ಬಿಸಿ ಗದಗ ರಸ್ತೆಗೆ ಹೊರಳುವಾಗ, ಎದುರಿನಿಂದ ನಡೆದು ಬರುತ್ತಿದ್ದ ಶಿರಹಟ್ಟಿಯ ಮಹಿಳಾ ಪೇದೆ ಬದಿಗೆ ಸರಿದು ನಿಂತು ಸೆಲ್ಯೂಟ್ ಹೊಡೆದಳು. ಆಮೇಲೆ ಫಕ್ರುಸಾಬನ ಮನೆ ಕೇಳಿಕೊಂಡು ಬಂದಳು. ಮೆಹನಾಜ ಆಕೆಗೆ ಚಹಾ ಮಾಡಿ ಕೊಟ್ಟಳು.

ಮೆಹನಾಜಳನ್ನು ಅಂದು ಬಂಧಿಸಲಿಲ್ಲ.